ಸಿಕ್ಸ್ ಫೀಟ್ ಅಂಡರ್ ಬಿಚ್ಚಿ ನೋಡಿ ನಾನು ಸ್ಕ್ರಿಪ್ಟ್ ಬರೆದದ್ದು

ಡೈಲಿ ಸೀರಿಯಲ್‌ಗೆ ಡೈಲಾಗ್ ಬರೆಯೋದು ನನ್ನ ಹೊಟ್ಟೆಪಾಡು. ಬೆಳಿಗ್ಗೆ ಒನ್‌ಲೈನ್, ಅಂದರೆ ಸಂಚಿಕೆಯ ಕಥೆಯ ಸಾರ, ಬರುತ್ತದೆ, ಸಂಜೆಯೊಳಗೆ ಸೀನ್ ಕಳಿಸಬೇಕು, ಮರುದಿನ ಶೂಟಿಂಗ್. ಈ ಓಟದಲ್ಲಿ ನಮ್ಮ ಪಾತ್ರಗಳಿಗೆ ಒಂದು ಚಟ ಅಂಟಿಕೊಂಡುಬಿಡುತ್ತದೆ. ಮನಸ್ಸಿನಲ್ಲಿ ಇರೋದನ್ನೆಲ್ಲ ಬಾಯಿಬಿಟ್ಟು ಹೇಳುತ್ತವೆ. ಬಾಯಲ್ಲಿ ಹೇಳಲಾಗದ್ದನ್ನು ಸ್ವಗತದಲ್ಲಿ ಹೇಳುತ್ತವೆ. ಸ್ವಂತದ್ದೊಂದು ವೆಬ್ ಸೀರೀಸ್ ಬರೆಯೋಣ ಅಂತ ಕೂತಾಗ ಮೊದಲು ಈ ಚಟ ಬಿಡಿಸಬೇಕಿತ್ತು. ಅದಕ್ಕೆ ನಾನು ಹಿಡಿದ ಮೇಷ್ಟ್ರು ‘ಸಿಕ್ಸ್ ಫೀಟ್ ಅಂಡರ್’.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಮೆರಿಕದ ಎಚ್‌ಬಿಒ ಚಾನೆಲ್‌ನಲ್ಲಿ 2001ರ ಜೂನ್‌ನಿಂದ 2005ರ ಆಗಸ್ಟ್‌ವರೆಗೆ ಬಂದ ಧಾರಾವಾಹಿ. ಐದು ಸೀಸನ್, ಒಟ್ಟು 63 ಸಂಚಿಕೆ. ನಮ್ಮ ಲೆಕ್ಕದಲ್ಲಿ ಎರಡೂವರೆ ತಿಂಗಳ ಸರಕು ಅಷ್ಟೇ! ಅದನ್ನು ಕಟ್ಟಿದವರು ಅಲನ್ ಬಾಲ್. ಲಾಸ್ ಏಂಜಲೀಸ್‌ನಲ್ಲಿ ಫಿಶರ್ ಎಂಬ ಕುಟುಂಬ ಶವಸಂಸ್ಕಾರದ ವ್ಯವಹಾರ ನಡೆಸುತ್ತದೆ. ಮೇಲೆ ಇವರ ಮನೆ, ಅದರ ಕೆಳಗೆ ಅಂತಿಮ ದರ್ಶನದ ಹಾಲ್, ನೆಲಮಾಳಿಗೆಯಲ್ಲಿ ಹೆಣ ಸಿದ್ಧಮಾಡುವ ಕೋಣೆ. ಮೊದಲ ಸಂಚಿಕೆಯಲ್ಲೇ ಯಜಮಾನ ನಥಾನಿಯಲ್ ಸಾಯುತ್ತಾನೆ. ಕ್ರಿಸ್‌ಮಸ್‌ನ ಹಿಂದಿನ ದಿನ, ಹೊಸದಾಗಿ ಕೊಂಡ ಹೆಣದ ಗಾಡಿ ಓಡಿಸುತ್ತಾ ಸಿಗರೇಟ್ ಹಚ್ಚುವಾಗ ಬಸ್ ಬಂದು ಗುದ್ದುತ್ತದೆ. ಉಳಿದವರು ಹೆಂಡತಿ ರೂತ್, ಊರು ಬಿಟ್ಟಿದ್ದ ದೊಡ್ಡ ಮಗ ನೇಟ್, ಕೆಲಸ ನೋಡಿಕೊಳ್ಳುವ ಡೇವಿಡ್, ಶಾಲೆಗೆ ಹೋಗುವ ಕ್ಲೇರ್.

ನಾನು ಮಾಡಿದ್ದು ಇಷ್ಟು. ಒಂದು ಉದ್ದನೆಯ ನೋಟ್‌ಬುಕ್ ತಗೊಂಡೆ. ಪ್ರತಿ ಸೀನ್ ಮುಗಿದ ಕೂಡಲೇ ನಿಲ್ಲಿಸಿ ಒಂದು ಸಾಲು ಬರೆದೆ. ಒಬ್ಬೊಬ್ಬರ ಟ್ರ್ಯಾಕ್‌ಗೆ, ಅಂದರೆ ಕಥೆಯ ಎಳೆಗೆ, ಒಂದೊಂದು ಬಣ್ಣದ ಪೆನ್. ಇದು ಎಲ್ಲ ಬರಹಗಾರರೂ ಮಾಡೋದೇ. ಆಮೇಲೆ ನಾಲ್ಕು ಕಾಲಂ ಸೇರಿಸಿದೆ. ಈ ಸಂಚಿಕೆಯಲ್ಲಿ ಸತ್ತವರು ಯಾರು? ಸೀನ್ ನಡೆಯುವಾಗ ಕೈಯಲ್ಲಿ ಏನು ಕೆಲಸ ಇದೆ? ಏನನ್ನು ಹೇಳುತ್ತಿಲ್ಲ? ಅದು ಎಲ್ಲಿ ಸೋರುತ್ತದೆ? ಅಸಲಿ ಪಾಠ ಸಿಕ್ಕಿದ್ದು ಎರಡನೇ ಕಾಲಂನಲ್ಲಿ. ಅದು ಯಾವ ಪುಟದಲ್ಲೂ ಖಾಲಿ ಉಳಿಯಲೇ ಇಲ್ಲ.

ನಮ್ಮ ಸೀರಿಯಲ್ ಮನೆ ನೆನಪಿಸಿಕೊಳ್ಳಿ. ಹಾಲ್‌ನಲ್ಲಿ ರೇಷ್ಮೆ ಸೀರೆ ಉಟ್ಟು ಆರು ಜನ ಸುಮ್ನೆ ನಿಂತಿರುತ್ತಾರೆ. ಕೈಗೆ ಕೆಲಸ ಇಲ್ಲದಿದ್ದರೆ ಬಾಯಿಗೆ ಮಾತು ಬಿಟ್ಟು ಇನ್ನೇನು ಉಳಿಯುತ್ತದೆ ಹೇಳಿ? ಫಿಶರ್ ಮನೆಯಲ್ಲಿ ಒಬ್ಬ ಹೆಣಕ್ಕೆ ಹೊಲಿಗೆ ಹಾಕುತ್ತಿರುತ್ತಾನೆ, ಇನ್ನೊಬ್ಬ ಶವಪೆಟ್ಟಿಗೆ ತೋರಿಸುತ್ತಿರುತ್ತಾನೆ, ರೂತ್ ಒಲೆ ಮುಂದೆ ಇರುತ್ತಾಳೆ. ಜಗಳ, ಪ್ರೀತಿ, ಸುಳ್ಳು ಎಲ್ಲವೂ ಆ ಕೆಲಸದ ಮಧ್ಯೆಯೇ ನಡೆಯಬೇಕು.

ಹಾಗಾಗಿ ಆ ಕೆಲಸ ಏನು ಅಂತ ನಾನು ಓದಿಕೊಳ್ಳಲೇಬೇಕಾಯಿತು. ನಮ್ಮ ಕಡೆ ಸಾಮಾನ್ಯವಾಗಿ ಅದೇ ದಿನವೋ ಮರುದಿನವೋ ಎಲ್ಲ ಮುಗಿಯುತ್ತದೆ, ಹೆಣ ಕೆಡದಂತೆ ಮಾಡುವ ಎಂಬಾಮಿಂಗ್ ಅಪರೂಪ. ಅಲ್ಲಿ ಕತ್ತಿನ ಹತ್ತಿರ ಕೊಯ್ದು, ಒಂದು ರಕ್ತನಾಳದಿಂದ ಫಾರ್ಮಾಲ್ಡಿಹೈಡ್ ಬೆರೆಸಿದ ದ್ರವವನ್ನು ಮೆಷಿನ್‌ನಲ್ಲಿ ಒಳಗೆ ನೂಕುತ್ತಾರೆ. ಇನ್ನೊಂದರಿಂದ ರಕ್ತ ಹೊರಗೆ ಹರಿಯುತ್ತದೆ. ಕಣ್ಣು ಗುಳಿ ಬೀಳದಂತೆ ರೆಪ್ಪೆಯಡಿ ಪ್ಲಾಸ್ಟಿಕ್ ಬಿಲ್ಲೆಯಂಥದ್ದನ್ನು ಇಡುತ್ತಾರೆ. ದವಡೆಯನ್ನು ಬಿಗಿದು ಕಟ್ಟುತ್ತಾರೆ. ಈ ಪದ್ಧತಿ ಅಲ್ಲಿ ಬೇರೂರಿದ್ದು 1861–65ರ ಅಂತರ್ಯುದ್ಧದಲ್ಲಿ, ದೂರದಲ್ಲಿ ಸತ್ತ ಸೈನಿಕರನ್ನು ಊರಿಗೆ ಕಳಿಸಬೇಕಾಗಿ ಬಂದಾಗ. 1865ರಲ್ಲಿ ಅಧ್ಯಕ್ಷ ಲಿಂಕನ್‌ರ ಎಂಬಾಮ್ ಮಾಡಿದ ದೇಹವನ್ನು ವಾಷಿಂಗ್ಟನ್‌ನಿಂದ ಸ್ಪ್ರಿಂಗ್‌ಫೀಲ್ಡ್‌ವರೆಗೆ ರೈಲಿನಲ್ಲಿ ಒಯ್ದಾಗ ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಅಲ್ಲಿಂದ ಅದು ದೊಡ್ಡ ವ್ಯಾಪಾರವಾಯಿತು. 1984ರಿಂದ ಅಲ್ಲಿ ಒಂದು ನಿಯಮ ಇದೆ. ಶವಸಂಸ್ಕಾರದ ಸಂಸ್ಥೆ ಪ್ರತಿಯೊಂದಕ್ಕೂ ಬೇರೆ ಬೇರೆ ದರ ಬರೆದ ಪಟ್ಟಿ ಕೊಡಬೇಕು. ಕಾನೂನಿನಲ್ಲಿ ಇಲ್ಲದಿದ್ದರೂ ಎಂಬಾಮಿಂಗ್ ಕಡ್ಡಾಯ ಅಂತ ಹೇಳಿ ದುಡ್ಡು ಕೀಳುವಂತಿಲ್ಲ.

ಇದೆಲ್ಲ ಗೊತ್ತಾದ ಮೇಲೆ ಮೊದಲ ಸೀಸನ್‌ನ ವಿಲನ್ ಬೇರೆಯೇ ಕಾಣಿಸಿದ. ಕ್ರೋನರ್ ಎಂಬ ದೊಡ್ಡ ಕಂಪನಿ ಊರೂರಿನ ಸಣ್ಣ ಸಂಸ್ಥೆಗಳನ್ನು ಕೊಂಡು ನುಂಗುತ್ತಾ ಬರುತ್ತಿರುತ್ತದೆ. ಹುಬ್ಬು ಹಾರಿಸೋ ಅತ್ತೆ ಬೇಕಾಗಿಲ್ಲ, ಹಾಲಿಗೆ ವಿಷ ಹಾಕೋರೂ ಬೇಡ. ಸಾಲ, ಗಿರಾಕಿ, ಪಕ್ಕದವನ ಕಡಿಮೆ ರೇಟು, ಇಷ್ಟೇ ಸಾಕು.

ಒಂದು ಸೀನ್ ಮಾತ್ರ ನಾನು ಮತ್ತೆ ಮತ್ತೆ ಹಾಕಿ ನೋಡಿದೆ. ಮೊದಲ ಸಂಚಿಕೆಯಲ್ಲಿ ರೂತ್ ಅಡುಗೆಮನೆಯಲ್ಲಿ ಹಬ್ಬದ ಮಾಂಸದಡುಗೆ ಮಾಡುತ್ತಿದ್ದಾಳೆ. ಫೋನ್ ಬರುತ್ತದೆ. ಕಿರುಚುತ್ತಾಳೆ, ಸಾಮಾನು ಎಸೆಯುತ್ತಾಳೆ. ಓಡಿ ಬಂದ ಮಗನಿಗೆ ಅವಳು ಹೇಳುವ ಕ್ರಮ ನೋಡಿ. ಮೊದಲು, ಆಕ್ಸಿಡೆಂಟ್ ಆಗಿ ಹೊಸ ಗಾಡಿ ನುಜ್ಜುಗುಜ್ಜಾಯಿತು. ಆಮೇಲೆ, ನಿಮ್ಮಪ್ಪ ಸತ್ತ. ಕೊನೆಗೆ, ನನ್ನ ಅಡುಗೆ ಹಾಳಾಯಿತು. ಇದೇ ಸೀನ್ ನನ್ನ ಕೈಗೆ ಬಂದಿದ್ದರೆ ಗಂಡನ ಫೋಟೋ, ಕೆಳಗೆ ಬೀಳುವ ಕುಂಕುಮದ ಬಟ್ಟಲು, ಮೂರು ಸಲ ‘ಇಲ್ಲಾ’. ನಮ್ಮಲ್ಲಿ ನಿಜವಾಗಿ ಸಾವಿನ ಸುದ್ದಿ ಬಂದಾಗ ಹೆಂಗಸರು ಏನು ಮಾಡುತ್ತಾರೆ? ನಮ್ಮ ದೊಡ್ಡಮ್ಮ ಹಾಲು ಉಕ್ಕುತ್ತಿದೆ ಅಂತ ಹೋಗಿ ಸ್ಟವ್ ಆರಿಸಿ ಬಂದು ಅತ್ತರು. ಇದನ್ನು ಕಣ್ಣಾರೆ ನೋಡಿದ ನಾನೇ ಇಷ್ಟು ವರ್ಷ ಕುಂಕುಮದ ಬಟ್ಟಲು ಬೀಳಿಸುತ್ತಾ ಬಂದಿದ್ದೇನೆ.

ಅದೇ ಸಂಚಿಕೆಯ ಕೊನೆಯಲ್ಲಿ ಹೂಳುವ ಸೀನ್ ಇದೆ. ಅಲ್ಲಿ ಮಣ್ಣು ಉದುರಿಸಲು ಉಪ್ಪಿನ ಡಬ್ಬಿಯ ಥರದ ಒಂದು ಸಾಧನ ಕೊಡುತ್ತಾರೆ, ಕೈ ಕೊಳೆಯಾಗಬಾರದು ನೋಡಿ. ನೇಟ್‌ಗೆ ರೇಗುತ್ತದೆ. ಬರಿಗೈಯಲ್ಲಿ ಮಣ್ಣು ಬಾಚಿ ಹಾಕುತ್ತಾನೆ. ಸ್ವಲ್ಪ ಹೊತ್ತಿಗೆ ರೂತ್ ಕೂಡ ಕೈ ಹಾಕುತ್ತಾಳೆ. ನಮ್ಮೂರಲ್ಲಿ ಮಣ್ಣಿಗೆ ಹೋದವರೆಲ್ಲ ಒಂದೊಂದು ಹಿಡಿ ಹಾಕಿಯೇ ಬರುತ್ತಾರೆ, ಯಾರಿಗೂ ಅದು ವಿಶೇಷ ಅನ್ನಿಸೋದಿಲ್ಲ. ಆದರೆ ಆ ಡಬ್ಬಿ ತೋರಿಸಿದ್ದರಿಂದ ಅಲ್ಲಿ ಒಂದು ಹಿಡಿ ಮಣ್ಣು ದಂಗೆಯಾಗಿಬಿಟ್ಟಿತು. ಸೀನ್‌ನಲ್ಲಿ ಬಳಸುವ ಒಂದು ಸಾಮಾನಿನಿಂದ ಇಷ್ಟು ಕೆಲಸ ತೆಗೆಯೋದು ನನಗಂತೂ ಹೊಸದು.

ಇನ್ನು ಸಾವಿನ ವಿಷಯ. ಸಾಮಾನ್ಯವಾಗಿ ಪ್ರತಿ ಸಂಚಿಕೆಯೂ ಯಾರೋ ಒಬ್ಬರ ಸಾವಿನಿಂದ ಶುರುವಾಗುತ್ತದೆ. ತೆರೆ ಕಪ್ಪಾಗೋದಿಲ್ಲ, ಬಿಳಿಯಾಗುತ್ತದೆ. ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಬರುತ್ತದೆ. ನಾನು ಇಲ್ಲಿ ನಿಲ್ಲಿಸಿ, ಈ ಸಾವು ಮನೆಯ ಯಾರ ಗಾಯವನ್ನು ಕೆರೆಯಬಹುದು ಅಂತ ಊಹಿಸಿ ಬರೆಯುತ್ತಿದ್ದೆ. ಆಮೇಲೆ ಮುಂದೆ ನೋಡುತ್ತಿದ್ದೆ. ಒಳ್ಳೆ ಸಂಚಿಕೆಗಳಲ್ಲಿ ಊಹೆ ಅರ್ಧ ಸರಿ ಇರುತ್ತಿತ್ತು, ಉಳಿದರ್ಧ ಬೇರೆ ಬಾಗಿಲಿಂದ ಬರುತ್ತಿತ್ತು. ಮೊದಲ ಸೀಸನ್‌ನ 12ನೇ ಸಂಚಿಕೆಯಲ್ಲಿ ಸಲಿಂಗಿ ಎಂಬ ಕಾರಣಕ್ಕೆ ಮಾರ್ಕ್ ಎಂಬ ಹುಡುಗನನ್ನು ಹೊಡೆದು ಕೊಲ್ಲುತ್ತಾರೆ. ಡೇವಿಡ್ ಕೂಡ ಸಲಿಂಗಿ, ಅದನ್ನು ಚರ್ಚ್‌ನವರಿಂದ ಮುಚ್ಚಿಟ್ಟವನು. ಸತ್ತ ಹುಡುಗ ಡೇವಿಡ್‌ನ ಎದುರು ಬಂದು ಮಾತಾಡುತ್ತಾನೆ. ಇಲ್ಲಿ ಸತ್ತವರು ದೆವ್ವಗಳಲ್ಲ. ನೋಡುವವನ ತಲೆಯೊಳಗಿನ ಮಾತೇ ಅವರ ಬಾಯಿಂದ ಬರುತ್ತದೆ. ಹಾಗಾಗಿ ಮಾರ್ಕ್ ಸಮಾಧಾನ ಹೇಳೋದಿಲ್ಲ, ಚುಚ್ಚುತ್ತಾನೆ. ನಮ್ಮ ಸ್ವಗತ ಮಾಡಬೇಕಾದ ಕೆಲಸವನ್ನೇ ಇದು ಮಾಡುತ್ತದೆ, ಆದರೆ ಎದುರು ಒಬ್ಬ ಇರುವುದರಿಂದ ಅದು ಜಗಳವಾಗುತ್ತದೆ. ಈ ತಂತ್ರವನ್ನು ನಾನು ಎತ್ತಿಕೊಳ್ಳಲಿಲ್ಲ. ನಮ್ಮಲ್ಲಿ ಸತ್ತವರು ಫ್ರೇಮ್‌ಗೆ ಬಂದರೆ ಸೌಂಡ್‌ನವರು ತಡೆಯೋದಿಲ್ಲ, ದೆವ್ವದ ಮ್ಯೂಸಿಕ್ ಹಾಕಿಯೇ ಹಾಕುತ್ತಾರೆ.

ಅಲನ್ ಬಾಲ್‌ಗೆ 13 ವರ್ಷ ಇದ್ದಾಗ ಅಕ್ಕ ಕಾರು ಅಪಘಾತದಲ್ಲಿ ತೀರಿಕೊಂಡರು. ಅದೇ ಕಾರಿನಲ್ಲಿ ಇವರೂ ಇದ್ದರು. ಇದನ್ನು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅದು ಗೊತ್ತಾದ ಮೇಲೆ ಸಾವಿನ ಸೀನ್‌ಗಳಲ್ಲಿನ ಆತುರವಿಲ್ಲದ ಸಹಜತೆ ನನಗೆ ಆಶ್ಚರ್ಯ ಅನ್ನಿಸಲಿಲ್ಲ.

ಎಲ್ಲವೂ ಚೆನ್ನಾಗಿದೆ ಅಂತೇನಿಲ್ಲ. ನೇಟ್‌ನ ಹೆಂಡತಿ ಲೀಸಾ ಕಾಣೆಯಾಗುವ ಟ್ರ್ಯಾಕ್ ಎಳೆದಾಟ. ಅದರ ಗುಟ್ಟು ಬಿಚ್ಚಿದ ರೀತಿ ನಮ್ಮ ಮಹಾಸಂಚಿಕೆಗೆ ಲಾಯಕ್ಕು. ನಾಲ್ಕನೇ ಸೀಸನ್‌ನ ಐದನೇ ಸಂಚಿಕೆಯಲ್ಲಿ ಡೇವಿಡ್‌ನನ್ನು ಒಬ್ಬ ಗಾಡಿ ಸಮೇತ ಅಪಹರಿಸುತ್ತಾನೆ. ಅರ್ಧ ದಾರಿಯಲ್ಲಿ ಬೇರೆ ಎಲ್ಲ ಟ್ರ್ಯಾಕ್ ಬಿಟ್ಟು ಕ್ಯಾಮೆರಾ ಅವನ ಜೊತೆಗೇ ಉಳಿಯುತ್ತದೆ. ಇದನ್ನು ಕಂಡರೆ ಆಗದವರು ಬಹಳ ಜನ. ನನಗೆ ಇಷ್ಟ. ನನ್ನ ನೋಟ್‌ಬುಕ್‌ನಲ್ಲಿ ಆ ಪುಟದ ಅರ್ಧ ಒಂದೇ ಬಣ್ಣ.

ಕೊನೆಯ ಸಂಚಿಕೆಯ ಲೆಕ್ಕಾಚಾರ ಮಾತ್ರ ಎಂಥ ಬರಹಗಾರನಿಗೂ ಹೊಟ್ಟೆಕಿಚ್ಚು ತರಿಸುತ್ತದೆ. ಅದು ಸಾವಿನ ಬದಲು ಒಂದು ಮಗುವಿನ ಹುಟ್ಟಿನಿಂದ ಶುರುವಾಗುತ್ತದೆ. ಬಾಕಿ ಉಳಿದ ಸಾವುಗಳನ್ನು ಬಡ್ಡಿ ಸಮೇತ ಕೊನೆಗೆ ತೀರಿಸುತ್ತಾರೆ. ಕ್ಲೇರ್ ಕಾರು ಓಡಿಸಿಕೊಂಡು ಊರು ಬಿಡುತ್ತಾಳೆ, ಮುಖ್ಯ ಪಾತ್ರಗಳೆಲ್ಲ ಮುಂದೆ ಹೇಗೆ ಸಾಯುತ್ತವೆ ಅಂತ ಒಂದೊಂದಾಗಿ ಬರುತ್ತದೆ. ರೂತ್ 2025, ಡೇವಿಡ್ 2044, ಕ್ಲೇರ್ 2085. ಡೈಲಾಗ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಷ್ಟು ವರ್ಷ ಬಿಳಿ ತೆರೆಯ ಮೇಲೆ ಹೆಸರು ಓದಿ ಓದಿ ನಮಗೆ ಅಭ್ಯಾಸ ಆಗಿರುತ್ತದಲ್ವಾ, ವಿವರಿಸುವ ಅಗತ್ಯವೇ ಬೀಳೋದಿಲ್ಲ.

ನನ್ನ ಕಥೆ ಸ್ಮಶಾನದ ರಸ್ತೆಯಲ್ಲಿ ಚಟ್ಟದ ಸಾಮಾನು ಮಾರುವ ಅಣ್ಣತಮ್ಮಂದಿರದು. ಬಿದಿರು, ಮಡಿಕೆ, ಹುರಿಹಗ್ಗ, ಪುರಿ, ಊದುಬತ್ತಿ. ಅಂಥದ್ದೊಂದು ಅಂಗಡಿಯಲ್ಲಿ ಮಧ್ಯಾಹ್ನಗಳಲ್ಲಿ ಹೋಗಿ ಕೂರುತ್ತಿದ್ದೆ. ಅಂಗಡಿಯವರು ಟೀ ಕೊಡಿಸಿದರು, ಸಲೀಸಾಗಿ ಮಾತಾಡಿದರು. ಅವರು ಬಿದಿರು ಅಳೆಯೋದನ್ನು ನೋಡಿದ ದಿನವೇ ಮೊದಲ ಸೀನ್ ಬಂತು. ಮೊದಲ ಡ್ರಾಫ್ಟ್‌ನಲ್ಲಿ ಆಸ್ತಿ ಜಗಳಕ್ಕೆ ಎರಡು ಪುಟ ಇತ್ತು. ಈಗ ಇಷ್ಟೇ ಇದೆ:

‘ಐದೂವರೆ ಅಡಿ ಅಂದ್ರು.’

‘ಆರು ಇರ್ಲಿ. ಮನೆಯೋರು ಯಾವಾಗ್ಲೂ ಕಮ್ಮಿ ಹೇಳ್ತಾರೆ.’

‘ಅಣ್ಣಾ, ಮೇಲಿನ ಮನೆ ಬಾಡಿಗೆ ಯಾರ ಅಕೌಂಟಿಗೆ ಬೀಳ್ತಿದೆ?’

‘ಹಗ್ಗ ಕೊಡು.’

‘ಅಮ್ಮ ಕೇಳ್ತಿದ್ರು.’

‘ಬಿಗಿಯಾಗಿ ಹಿಡ್ಕೊಳೋ, ಜಾರ್ತಿದೆ.’

ಪರಿಚಯದ ಒಬ್ಬ ಪ್ರೊಡ್ಯೂಸರ್ ಓದಿದರು. ಸೀನ್ ಚೆನ್ನಾಗಿದೆ, ಆದರೆ ಚಟ್ಟದಂಗಡಿ ಬದಲು ಹೂವಿನಂಗಡಿ ಮಾಡೋಕಾಗುತ್ತಾ ಅಂತ ಕೇಳಿದರು. ಹೂವು ಕಟ್ಟುವವರ ಕೈಯೂ ಖಾಲಿ ಇರೋದಿಲ್ಲ, ಅದು ನಿಜ. ಆದರೂ ಆಗೋದಿಲ್ಲ ಅಂದೆ. ಈಗ ಎರಡನೇ ಸಂಚಿಕೆಯಲ್ಲಿದ್ದೇನೆ. ಅದರಲ್ಲಿ ಅಮ್ಮ ಲೆಕ್ಕದ ಪುಸ್ತಕ ತೆಗೆಯುತ್ತಾರೆ.