‘ಮಸ್ಟ್ ನಾಟ್’ ಎಲ್ಲಿ, ‘ಡೋಂಟ್ ಹ್ಯಾವ್ ಟು’ ಎಲ್ಲಿ?

ಇಂಗ್ಲಿಷ್‌ನಲ್ಲಿ ‘ಮಸ್ಟ್’ ಇರುವ ವಾಕ್ಯಕ್ಕೆ ಸುಮ್ನೆ ‘ನಾಟ್’ ಅಂಟಿಸುವ ಮೊದಲು, ನೀವು ಹೇಳಬೇಕಾದ್ದನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಹೋಗಬಾರದು’ ಎಂದಾದರೆ ಮಸ್ಟ್ ನಾಟ್. ‘ಹೋಗಬೇಕಾಗಿಲ್ಲ’ ಎಂದಾದರೆ ಡೋಂಟ್ ಹ್ಯಾವ್ ಟು. ‘ಇರೋಕೆ ಸಾಧ್ಯವೇ ಇಲ್ಲ’ ಎಂದಾದರೆ ಕಾಂಟ್ ಬಿ. ‘ಇರಲಿಕ್ಕಿಲ್ಲ’ ಎಂಬ ಅನುಮಾನಕ್ಕೆ ಮೈಟ್ ನಾಟ್ ಬಿ. ಕಾರಣ ಇಷ್ಟೇ: ಮಸ್ಟ್ ಕೂಡ ನಮ್ಮ ‘ಬೇಕು’ ಥರಾನೇ ಎರಡು ಕೆಲಸ ಮಾಡುತ್ತದೆ. ‘ಯು ಮಸ್ಟ್ ಗೋ’ ಅಂದರೆ ಹೋಗಲೇಬೇಕು, ಅದು ಕಡ್ಡಾಯ. ‘ಶಿ ಮಸ್ಟ್ ಬಿ ಟೈರ್ಡ್’ ಅಂದರೆ ಸುಸ್ತಾಗಿರಬೇಕು, ಅದು ಊಹೆ. ಹೌದು ಅನ್ನುವಾಗ ಎರಡಕ್ಕೂ ಒಂದೇ ಪದ, ಇಲ್ಲ ಅನ್ನುವಾಗ ದಾರಿಗಳು ಬೇರೆ. ಜಾಸ್ತಿ ಎಡವಟ್ಟಾಗುವುದು ಮೊದಲೆರಡರಲ್ಲಿ: ‘ನೀವು ಬರಬೇಕಾಗಿಲ್ಲ’ ಎನ್ನಲು ‘ಯು ಮಸ್ಟ್ ನಾಟ್ ಕಮ್’ ಎಂದರೆ ಬರಬೇಡಿ ಎಂದು ತಡೆದ ಹಾಗಾಗುತ್ತದೆ, ಅಲ್ವಾ? ಆದರೆ ಹಿಂದೆ ನಡೆದದ್ದಕ್ಕೆ ಈ ಉಪಾಯ ಸಾಲದು. ‘ಹೋಗಬೇಕಾಯಿತು’ ಎನ್ನಲು ಮಸ್ಟ್ ಬರುವುದೇ ಇಲ್ಲ, ಹ್ಯಾಡ್ ಟು ಗೋ ಎನ್ನಬೇಕು. ‘ಹೋಗಿರಬೇಕು’ ಎಂಬ ಊಹೆಗೆ ಮಾತ್ರ ಮಸ್ಟ್ ಹ್ಯಾವ್ ಗಾನ್. ಇನ್ನು ‘ಮೇ ನಾಟ್’ ಬಂದಾಗ ಹುಷಾರು, ಅದು ಅನುಮಾನವೂ ಆಗಬಹುದು, ಅನುಮತಿ ಇಲ್ಲ ಎಂದೂ ಆಗಬಹುದು.