ಪೆಲೆಟ್ ಒಲೆಗೆ ಬೆಂಕಿ ಇಟ್ಟಿಗೆಯ ಅಸ್ತರು

ಪೆಲೆಟ್ ಎಂದರೆ ಮರದ ಹೊಟ್ಟಿನಂಥದ್ದನ್ನು ಒತ್ತಿ ಮಾಡಿದ ಉರುವಲಿನ ಗುಳಿಗೆ. ಚಳಿದೇಶಗಳಲ್ಲಿ ಅದನ್ನು ಕೋಣೆ ಬಿಸಿಮಾಡುವ ಒಲೆಯಲ್ಲಿ ಉರಿಸುತ್ತಾರೆ, ಬೆಂಗಳೂರಿನ ಚಳಿಗೆ ಅಂಥ ಒಲೆ ಬೇಕಾಗುವುದಿಲ್ಲ. ಇಲ್ಲಿ ಪೆಲೆಟ್ ಉರಿಯುವುದು ಹೋಟೆಲು, ಹಾಸ್ಟೆಲು, ಕಲ್ಯಾಣ ಮಂಟಪಗಳ ಅಡುಗೆಮನೆಯಲ್ಲಿ, ಗಾಳಿ ಊದುವ ಬ್ಲೋಯರ್ ಜೋಡಿಸಿದ ಕಬ್ಬಿಣದ ಒಲೆಗಳಲ್ಲಿ. ಒಲೆಯ ತಗಡಿನ ಮೈ ಕೈಯಿಡಲಾಗದಷ್ಟು ಸುಡುತ್ತಿದ್ದು, ಮೇಲಿನ ಹಂಡೆಯ ನೀರು ಮಾತ್ರ ಕುದಿಯಲು ಸತಾಯಿಸುತ್ತಿದ್ದರೆ, ಶಾಖ ಪಾತ್ರೆಗೆ ಏರದೆ ಅಡುಗೆಯವರ ಕಾಲಿಗೆ ಬಡಿಯುತ್ತಿದೆ ಎಂದೇ ತಿಳಿಯಬೇಕು.

ಇದಕ್ಕೆ ಪರಿಹಾರ, ಉರಿಯ ಗೂಡಿನ ಒಳಗೋಡೆಗೆ ಬೆಂಕಿ ಇಟ್ಟಿಗೆಯ, ಅಂದರೆ ಹೆಚ್ಚು ಶಾಖ ತಾಳುವ ಇಟ್ಟಿಗೆಯ, ಅಸ್ತರು ಕೊಡುವುದು. ಇಟ್ಟಿಗೆ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಅದು ಉರಿಯ ಗೂಡನ್ನು ಬಿಸಿಯಾಗಿಡುವುದರಿಂದ, ಪೆಲೆಟ್ಟಿನಿಂದ ಹೊರಡುವ ಅನಿಲವು ಹೊಗೆಯಾಗಿ ಹಾರಿಹೋಗದೆ ಒಳಗೇ ಉರಿದು ಮುಗಿಯುತ್ತದೆ. ಚಳಿದೇಶಗಳ ಕೋಣೆ ಒಲೆಯಲ್ಲಿ ಶಾಖವನ್ನು ಗಾಳಿಗೆ ದಾಟಿಸುವ ಕೊಳವೆಗಳನ್ನೇ ಇಟ್ಟಿಗೆಯಿಂದ ಮುಚ್ಚಿದರೆ ಕೋಣೆಗೆ ಸಿಗುವ ಬಿಸಿ ಕಡಿಮೆಯಾಗುವುದೂ ಇಟ್ಟಿಗೆ ಹೀಗೆ ಶಾಖವನ್ನು ಒಳಗೇ ತಡೆಯುವುದರಿಂದ. ಇಟ್ಟಿಗೆ ಮೊದಲು ತಾನು ಕಾಯಬೇಕಾದ್ದರಿಂದ, ಅರ್ಧ ಗಂಟೆ ಉರಿಸಿ ಆರಿಸುವ ಒಲೆಗೆ ಈ ಖರ್ಚು ದಂಡ. ಬೆಳಗಿನಿಂದ ಮಧ್ಯಾಹ್ನದವರೆಗೆ ಆರದ ಒಲೆಗೆ ಮಾತ್ರ ಲಾಭ.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಪೂರ್ಣ ಗಾತ್ರದ ಬೆಂಕಿ ಇಟ್ಟಿಗೆ 230 × 115 × 75 ಮಿ.ಮೀ. ಇರುತ್ತದೆ, ಅದನ್ನು ಎರಡೂ ಬದಿಗೆ ಕೂರಿಸಿದರೆ ಗೂಡಿನ ಅಗಲದಲ್ಲಿ 150 ಮಿ.ಮೀ. ನುಂಗಿಹೋಗಿ, ಉರಿಗೆ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಅರ್ಧ ದಪ್ಪದ ಸ್ಪ್ಲಿಟ್ ಇಟ್ಟಿಗೆಯನ್ನು ಕೊಂಡು, ಅದರ ಹಿಂದೆ, ತಗಡಿಗೆ ತಾಗಿದಂತೆ, ಸೆರಾಮಿಕ್ ಫೈಬರ್ (ಶಾಖ ತಡೆಯುವ, ಹತ್ತಿಯಂಥ ಹಾಸು) ಹಾಸುವುದು ನನ್ನ ಮಟ್ಟಿಗೆ ಉತ್ತಮ ಕ್ರಮ. ಹಗುರವಾದ ಇನ್ಸುಲೇಷನ್ ಇಟ್ಟಿಗೆ ಶಾಖವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಕಬ್ಬಿಣದ ಸಲಾಕೆಯಿಂದ ಬೂದಿ ಕೆದಕುವ ಕೈಗೆ ಅದು ಬಾಳುವುದಿಲ್ಲ. ಮನೆ ಕಟ್ಟುವ ಕೆಂಪು ಇಟ್ಟಿಗೆಯ ಮಾತಂತೂ ಬೇಡ.

ಜಾಲರಿಯ ಕೆಳಗಿನಿಂದ ಬರುವ ಗಾಳಿಯ ದಾರಿಯನ್ನಾಗಲಿ, ಗೂಡಿನ ಮೇಲಂಚಿನ ಸುತ್ತಲಿನ ತೂತುಗಳನ್ನಾಗಲಿ ಇಟ್ಟಿಗೆ ಮುಚ್ಚಕೂಡದು. ಮೇಲಿನ ತೂತುಗಳು ಮುಚ್ಚಿದರೆ ಹೊಗೆಯೂ ಕಾರ್ಬನ್ ಮಾನಾಕ್ಸೈಡೂ ಹೆಚ್ಚುತ್ತವೆ. ತೂತುಗಳ ಸ್ಥಾನವನ್ನು ಮೊದಲೇ ಗುರುತುಮಾಡಿಕೊಂಡು, ಇಟ್ಟಿಗೆಯನ್ನು ಡೈಮಂಡ್ ಬ್ಲೇಡಿನಿಂದ ನೀರು ಹಾಕುತ್ತ, ಮಾಸ್ಕ್ ಧರಿಸಿ ಕತ್ತರಿಸಬೇಕು, ಏಕೆಂದರೆ ಅದರ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೇಡು.

ಸಂದಿಗೆ ಸಿಮೆಂಟ್ ಬಳಸಬೇಡಿ, ಅದು ಬೆಂಕಿಗೆ ಪುಡಿಯಾಗಿ ಉದುರುತ್ತದೆ. ಫೈರ್‌ಕ್ಲೇ (ಬೆಂಕಿ ತಾಳುವ ಜೇಡಿಮಣ್ಣು) ಗಾರೆಯನ್ನೇ ತೆಳ್ಳಗೆ ಸವರಿ. ಎರಡು ದಿನ ನೆರಳಿನಲ್ಲಿ ಒಣಗಿಸಿ, ಮಳೆಗಾಲವಾದರೆ ಇನ್ನೂ ಹೆಚ್ಚು ದಿನ ಬಿಟ್ಟು, ಬಳಿಕ ಒಂದು ಹಿಡಿ ಪೆಲೆಟ್ಟಿನ ಸಣ್ಣ ಉರಿಯಿಂದ ಆರಂಭಿಸಿ ಗಂಟೆಗಟ್ಟಲೆ ನಿಧಾನವಾಗಿ ಕಾಯಿಸಬೇಕು. ಒಳಗುಳಿದ ತೇವ ಒಮ್ಮೆಗೇ ಆವಿಯಾದರೆ ಇಟ್ಟಿಗೆ ಸಿಡಿಯುತ್ತದೆ.

ಕೊನೆಗೆ ಬ್ಲೋಯರನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತುಸು ತೆಳು (ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ), ಹಾಗಾಗಿ ಕರಾವಳಿಯಲ್ಲಿ ಹೊಂದಿಸಿ ತಂದ ಒಲೆಗೆ ಸ್ವಲ್ಪ ಹೆಚ್ಚೇ ಗಾಳಿ ಬೇಕಾದೀತು. ವಾರದ ನಂತರ ಇಟ್ಟಿಗೆಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಹಾಗೇ ಬಿಡಿ. ಇಟ್ಟಿಗೆ ಅಲುಗಾಡುತ್ತಿದ್ದರೆ ಮಾತ್ರ ತೆಗೆದು ಮತ್ತೆ ಕೂರಿಸಿ.