ದೂರದ ಎಲ್ಕ್ ಬೇಟೆಗೆ ತೋಟಾ ಆರಿಸುವುದು ಹೇಗೆ?

ಅಮೆರಿಕದ ಕೊಲೊರಾಡೊ ರಾಜ್ಯದ ರಾಕಿ ಪರ್ವತಗಳಲ್ಲಿ ಶರತ್ಕಾಲ ಬಂತೆಂದರೆ ಎಲ್ಕ್ ಬೇಟೆಯ ಕಾಲ ಬಂದಂತೆ. ಎಲ್ಕ್ ನಮ್ಮ ಕಡವೆಯ ಬಳಗದ ಪ್ರಾಣಿ. ಬಲಿತ ಗಂಡು 300 ಕಿಲೊ ದಾಟುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಇಂಥ ಬೇಟೆಗೆ ಜಾಗವಿಲ್ಲ. ಅಲ್ಲಿ ಮಾತ್ರ ರಾಜ್ಯದ ವನ್ಯಜೀವಿ ಇಲಾಖೆಯೇ ಹಿಂಡುಗಳ ಸ್ಥಿತಿ ನೋಡಿ ಪರವಾನಗಿ ಹಂಚುತ್ತದೆ, ಅಲ್ಲಿ ನೆಲೆಸಿರುವ ಕನ್ನಡಿಗರೂ ಅದನ್ನು ಪಡೆಯಬಹುದು. ಹಾಗೆ ಹೊಸದಾಗಿ ಬೇಟೆಗಿಳಿಯುವವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ 'ಎಲ್ಲಕ್ಕಿಂತ ಬಲವಾದ ತೋಟಾ ಯಾವುದು?' ಎಂಬುದು. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಮೊದಲು ನಿರ್ಧರಿಸಬೇಕಾದದ್ದು ದೂರ. ಎಲ್ಕ್‌ನ ಹೃದಯ ಮತ್ತು ಶ್ವಾಸಕೋಶಗಳಿರುವ ಮರ್ಮಭಾಗ ಹೆಚ್ಚುಕಡಿಮೆ 25ರಿಂದ 30 ಸೆಂಟಿಮೀಟರ್ ಅಗಲದ ವೃತ್ತ. ಆ ಅಳತೆಯ ತಟ್ಟೆಯನ್ನು ಗುರಿಯಾಗಿಟ್ಟು, ಮೇಜಿನ ಮೇಲೆ ಮರಳುಚೀಲ ಇಟ್ಟುಕೊಂಡಲ್ಲ, ಬೆಟ್ಟ ಹತ್ತಿ ಏದುಸಿರು ಬಿಡುತ್ತಿರುವಾಗ ಬೆನ್ನಚೀಲದ ಮೇಲೆ ನಳಿಗೆಯನ್ನು ಒರಗಿಸಿಕೊಂಡು, ಹೊಡೆದ ಪ್ರತಿಯೊಂದು ಗುಂಡೂ ಒಳಗೇ ಬೀಳುವ ಗರಿಷ್ಠ ದೂರ ಎಷ್ಟೋ ಅದೇ ನಿಮ್ಮ ಮಿತಿ. ಬಹುತೇಕರಿಗೆ ಅದು 300 ಗಜ, ಅಂದರೆ ಸುಮಾರು 275 ಮೀಟರ್ ದಾಟುವುದಿಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ 500 ಗಜವಾಗಬಹುದು. 500 ಗಜ ಕ್ರಮಿಸಲು ವೇಗದ ಗುಂಡಿಗೂ ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ಮೇಯುತ್ತಿರುವ ಪ್ರಾಣಿ ಒಂದು ಹೆಜ್ಜೆ ಮುಂದಿಟ್ಟರೆ ಶ್ವಾಸಕೋಶಕ್ಕೆ ಇಟ್ಟ ಗುರಿ ಹೊಟ್ಟೆಗೆ ಬಡಿಯುತ್ತದೆ, ಮತ್ತು ಆ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಯಾವ ತೋಟಾದ ಬಲವೂ ಈ ತಪ್ಪನ್ನು ಸರಿಪಡಿಸದು. 1887ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಹುಟ್ಟುಹಾಕಿದ ಬೇಟೆಗಾರರ ಸಂಘ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕೂಡ, ಉಪಕರಣ ಎಷ್ಟು ದೂರ ಹೊಡೆಯುತ್ತದೆಂದು ಪರೀಕ್ಷಿಸಲು ಜೀವಂತ ಪ್ರಾಣಿಗೆ ಗುರಿಯಿಡುವುದನ್ನು ಬೇಟೆಯೆಂದು ಒಪ್ಪುವುದಿಲ್ಲ.

ದೂರ ನಿಶ್ಚಯವಾದ ಬಳಿಕ, ಆ ದೂರದಲ್ಲಿ ಗುಂಡಿಗೆ ಎಷ್ಟು ಶಕ್ತಿ ಉಳಿದಿರುತ್ತದೆ ಎಂಬುದನ್ನು ನೋಡಬೇಕು. ತೋಟಾದ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸುವ ಅಂಕಿ ನಳಿಗೆಯ ಬಾಯಲ್ಲಿನ ವೇಗದ್ದು. ನಮಗೆ ಬೇಕಾದದ್ದು ಪ್ರಾಣಿಯ ಮೈಗೆ ತಾಗುವಾಗಿನದು. ಎಲ್ಕ್‌ಗೆ ತಾಗುವ ಹೊತ್ತಿಗೆ 1,500 ಫುಟ್-ಪೌಂಡ್, ಅಂದರೆ ಸುಮಾರು 2,000 ಜೂಲ್ ಶಕ್ತಿ ಉಳಿದಿರಬೇಕೆಂಬುದು ಅಲ್ಲಿನ ಬೇಟೆಗಾರರ ರೂಢಿಯ ಲೆಕ್ಕ. ಕೊಲೊರಾಡೊದ ಕಾನೂನು ಇದಕ್ಕಿಂತ ಕೆಳಗಿನ ಗೆರೆಯನ್ನು ಎಳೆದಿದೆ: ಕನಿಷ್ಠ .24 ಇಂಚಿನ ವ್ಯಾಸ, ಕನಿಷ್ಠ 85 ಗ್ರೇನ್ (ಸುಮಾರು 5.5 ಗ್ರಾಂ) ತೂಕದ, ತಾಗಿದಾಗ ಅರಳುವ ಗುಂಡು ಮತ್ತು 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ. ಕಾನೂನಿನ ಗೆರೆಯನ್ನು ಮುಟ್ಟಿದ ಮಾತ್ರಕ್ಕೆ ತೋಟಾ ದೂರದ ಹೊಡೆತಕ್ಕೆ ಯೋಗ್ಯವೆಂದು ತಿಳಿಯಬಾರದು.

ಈ ಅಳತೆಗೋಲನ್ನು ಹಿಡಿದು ಪರಿಚಿತ ತೋಟಾಗಳನ್ನು ನೋಡೋಣ. 1906ರಲ್ಲಿ ಅಮೆರಿಕದ ಸೇನೆಗಾಗಿ ಬಂದ .30-06 ಸ್ಪ್ರಿಂಗ್‌ಫೀಲ್ಡ್ 180 ಗ್ರೇನ್, ಅಂದರೆ ಸುಮಾರು 11.7 ಗ್ರಾಮಿನ ಗುಂಡನ್ನು ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಹೊರಹಾಕುತ್ತದೆ; ಒಳ್ಳೆಯ ಆಕಾರದ ಗುಂಡಾದರೆ 400 ಗಜದವರೆಗೂ ಅದು 1,500ರ ಮೇಲೆಯೇ ಇರುತ್ತದೆ. 1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಮ್ ಅದೇ ಗುಂಡಿಗೆ ಸುಮಾರು 2,960 ಅಡಿ ವೇಗ ಕೊಡುವುದರಿಂದ 500 ಗಜದಲ್ಲಿಯೂ ಸುಮಾರು 1,700 ಫುಟ್-ಪೌಂಡ್ ಉಳಿಸಿಕೊಳ್ಳುತ್ತದೆ. 2022ರ 7 ಪಿಆರ್‌ಸಿ, 175 ಗ್ರೇನಿನ ಉದ್ದನೆಯ ಗುಂಡಿನೊಂದಿಗೆ, ಅಷ್ಟೇ ದೂರದಲ್ಲಿ 2,000 ಫುಟ್-ಪೌಂಡ್ ದಾಟುತ್ತದೆ. ಇನ್ನು ಅತಿ ಜನಪ್ರಿಯವಾದ 6.5 ಕ್ರೀಡ್‌ಮೂರ್ ಗುರಿಯಲ್ಲಿ ಸೊಗಸಾದದ್ದು, ಒದೆತವೂ ಕಡಿಮೆ; ಆದರೆ 143 ಗ್ರೇನಿನ ಗುಂಡಿನಲ್ಲಿ ಅದು 400 ಗಜದ ಒಳಗೇ 1,500ಕ್ಕಿಂತ ಕೆಳಗಿಳಿಯುವುದರಿಂದ, ಎಲ್ಕ್‌ಗೆ ಅದನ್ನು ಹಿಡಿದವರು 300 ಗಜಕ್ಕೆ ನಿಲ್ಲಿಸುವುದು ಒಳ್ಳೆಯದು.

ಮೇಲಿನ ಪಟ್ಟಿಯಲ್ಲಿ .30-06ಗೂ 7 ಪಿಆರ್‌ಸಿಗೂ ಇರುವ ವ್ಯತ್ಯಾಸ ಬರಿಯ ಮದ್ದಿನದಲ್ಲ, ಗುಂಡಿನ ಆಕಾರದ್ದೂ ಹೌದು, ಮತ್ತು ದೂರದ ಹೊಡೆತದ ನಿಜವಾದ ಕಷ್ಟ ಇರುವುದೂ ಇಲ್ಲಿಯೇ. ಗುಂಡು ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ದೂರಮಾಪಕ ಹಿಡಿದು ಕರಾರುವಾಕ್ಕಾಗಿ ಲೆಕ್ಕ ಹಾಕಬಹುದು. ಗಾಳಿಯನ್ನು ಹಾಗೆ ಅಳೆಯಲಾಗದು. ನೀವು ನಿಂತ ದಿಣ್ಣೆಯಲ್ಲಿ ಒಂದು ಗಾಳಿ, ನಡುವಿನ ಕಣಿವೆಯಲ್ಲಿ ಇನ್ನೊಂದು, ಪ್ರಾಣಿಯ ಬಳಿ ಮತ್ತೊಂದು. ಗಂಟೆಗೆ 16 ಕಿಲೊಮೀಟರಿನ ಅಡ್ಡಗಾಳಿ 500 ಗಜದಲ್ಲಿ .300 ವಿಂಚೆಸ್ಟರ್ ಮ್ಯಾಗ್ನಮ್‌ನ 180 ಗ್ರೇನ್ ಗುಂಡನ್ನು 40 ಸೆಂಟಿಮೀಟರಿಗಿಂತ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ. 7 ಪಿಆರ್‌ಸಿಯ ನೀಳ ಗುಂಡನ್ನು ಸುಮಾರು 30 ಸೆಂಟಿಮೀಟರ್. ಮರ್ಮಭಾಗದ ಅಗಲವೇ ಅಷ್ಟು ಎಂಬುದನ್ನು ನೆನೆದರೆ ಈ ಹತ್ತು ಸೆಂಟಿಮೀಟರಿನ ಬೆಲೆ ತಿಳಿಯುತ್ತದೆ. ಗಾಳಿಯನ್ನು ಸೀಳುವ ಈ ಗುಣವನ್ನು ಬ್ಯಾಲಿಸ್ಟಿಕ್ ಕೋಎಫಿಶಿಯಂಟ್ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅದು ಹೆಚ್ಚಿದ್ದಷ್ಟೂ ಗುಂಡು ತನ್ನ ವೇಗವನ್ನು ಹೆಚ್ಚು ಉಳಿಸಿಕೊಳ್ಳುತ್ತದೆ. ಆದರೆ ಉದ್ದನೆಯ ಗುಂಡು ನೆಟ್ಟಗೆ ಹಾರಬೇಕಾದರೆ ನಳಿಗೆಯೊಳಗಿನ ಸುರುಳಿಗೆರೆಗಳು ಅದನ್ನು ಬೇಗಬೇಗ ತಿರುಗಿಸಬೇಕು. ಹಳೆಯ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ರೈಫಲ್‌ಗಳಲ್ಲಿ 9 ಅಥವಾ 9.5 ಇಂಚಿಗೆ ಒಂದು ಸುತ್ತು ಇರುವುದು ಸಾಮಾನ್ಯ; 7 ಪಿಆರ್‌ಸಿಯಲ್ಲಿ 8 ಇಂಚಿಗೆ ಒಂದು. ಹಾಗಾಗಿ ಗುಂಡನ್ನು ಕೊಳ್ಳುವ ಮುನ್ನ ನಿಮ್ಮ ನಳಿಗೆಯ ಸುತ್ತನ್ನು ತಿಳಿದುಕೊಳ್ಳಿ.

ಗುಂಡಿನ ಒಡಲೂ ಅಷ್ಟೇ ಮುಖ್ಯ. ಬೇಟೆಯ ಗುಂಡು ತಾಗಿದೊಡನೆ ಅಣಬೆಯಂತೆ ಅರಳಬೇಕು, ಆದರೆ ಚೂರಾಗದೆ ಆಳಕ್ಕಿಳಿಯಬೇಕು. ಇದಕ್ಕೆ ಕನಿಷ್ಠ ವೇಗ ಬೇಕು: ಸೀಸದ ತಿರುಳಿನ ಅನೇಕ ಗುಂಡುಗಳಿಗೆ ಸೆಕೆಂಡಿಗೆ ಸುಮಾರು 1,800 ಅಡಿ, ಗಟ್ಟಿ ತಾಮ್ರದ ಅನೇಕ ಗುಂಡುಗಳಿಗೆ ಸುಮಾರು 2,000 ಅಡಿ. ಅದಕ್ಕಿಂತ ನಿಧಾನವಾದರೆ ಗುಂಡು ಸಣ್ಣ ತೂತು ಮಾಡಿ ಹೊರಟುಹೋಗುತ್ತದೆ. ತಯಾರಕರು ಹೇಳುವ ಈ ಕನಿಷ್ಠ ವೇಗವನ್ನು ನಿಮ್ಮ ದೂರದ ವೇಗದೊಂದಿಗೆ ಹೋಲಿಸಿ ನೋಡಿ. ಎಷ್ಟೋ ಬಾರಿ ಶಕ್ತಿಯ ಲೆಕ್ಕಕ್ಕಿಂತ ಇದೇ ನಿಮ್ಮ ಮಿತಿಯನ್ನು ಹೇಳುತ್ತದೆ. ಬೇಟೆಯ ಕರುಳನ್ನು ತಿನ್ನುವ ರಣಹದ್ದುಗಳಿಗೆ ಸೀಸದ ಚೂರು ವಿಷವಾಗುವುದರಿಂದ ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಸಂಪೂರ್ಣ ನಿಷಿದ್ಧ. ನಿಯಮವಿಲ್ಲದ ಕಡೆಯೂ ತಾಮ್ರವನ್ನೇ ಆರಿಸಿ ಎಂಬುದು ನನ್ನ ಕೋರಿಕೆ.

ಈಗ ಒದೆತ. ಒಂದೇ ತೂಕದ ಕೋವಿಯಲ್ಲಿ .300 ವಿಂಚೆಸ್ಟರ್ ಮ್ಯಾಗ್ನಮ್ .30-06ಗಿಂತ ಸ್ಪಷ್ಟವಾಗಿ ಜೋರಾಗಿ ಭುಜಕ್ಕೆ ಒದೆಯುತ್ತದೆ. ಸೇನೆಯ ದೂರಗುರಿಕಾರರಿಗಾಗಿ ಮಾಡಿದ .338 ಲಪುವಾ ಮ್ಯಾಗ್ನಮ್ ಇನ್ನೂ ಜೋರು, ಅದರ ಕೋವಿಯನ್ನು ಹೊತ್ತು ಮೂರು ಸಾವಿರ ಮೀಟರ್ ಎತ್ತರದ ಬೆಟ್ಟ ಹತ್ತುವುದೂ ಕಷ್ಟ. ಒದೆತಕ್ಕೆ ಹೆದರಿದ ಮೈ ಟ್ರಿಗರ್ ಒತ್ತುವ ಮೊದಲೇ ಅದುರಿ ಕಣ್ಣು ಮುಚ್ಚಿಕೊಳ್ಳುತ್ತದೆ. ಗೆಳೆಯರ ಮೂರು ಬಗೆಯ ಕೋವಿಗಳಲ್ಲಿ ಇಪ್ಪತ್ತು ಇಪ್ಪತ್ತು ತೋಟಾ ಹೊಡೆದು, ಕೊನೆಯ ಐದು ಗುಂಡುಗಳೂ ಮೊದಲ ಐದರಂತೆಯೇ ಒಟ್ಟಾಗಿ ಬಿದ್ದ ತೋಟಾವನ್ನು ಆರಿಸಿ. ನಳಿಗೆಯ ತುದಿಗೆ ಹಾಕುವ ಮಜಲ್ ಬ್ರೇಕ್ ಒದೆತ ತಗ್ಗಿಸುತ್ತದೆ, ಆದರೆ ಸದ್ದನ್ನು ಹಿಂದಕ್ಕೆ ತಿರುಗಿಸುವುದರಿಂದ ಕಿವಿಗೆ ರಕ್ಷಣೆಯಿಲ್ಲದೆ ಒಂದು ಗುಂಡನ್ನೂ ಹೊಡೆಯಬಾರದು.

ಸಣ್ಣ ಊರಿನ ಅಂಗಡಿಯಲ್ಲೂ ಸಿಗುವ ತೋಟಾ ಆಗಿರಲಿ. ನಳಿಗೆಯ ಮೇಲೆ ಕೆತ್ತಿದ ಹೆಸರಿನ ತೋಟಾವನ್ನು ಬಿಟ್ಟು ಬೇರೆಯದನ್ನು ಎಂದೂ ತುಂಬಬೇಡಿ; .300 ಎಂದು ಶುರುವಾಗುವ ಹೆಸರುಗಳು ಹಲವಿವೆ, ಒಂದಕ್ಕೆ ಇನ್ನೊಂದು ಹೊಂದುವುದಿಲ್ಲ.

ಅಮೆರಿಕದಲ್ಲಿ ವಲಸೆಯೇತರ ವೀಸಾದ ಮೇಲಿರುವವರಿಗೆ ಒಂದು ಮಾತು: ಒಕ್ಕೂಟದ ಕಾನೂನು ಅಂಥವರು ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ, ರಾಜ್ಯವೊಂದು ಕೊಟ್ಟ ಬೇಟೆಯ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಆ ಪರವಾನಗಿಗೆ ಬೇಟೆ ಶಿಕ್ಷಣದ ಪ್ರಮಾಣಪತ್ರ ತೋರಿಸಬೇಕು. ಇವೆರಡನ್ನೂ ಕೈಯಲ್ಲಿಟ್ಟುಕೊಂಡೇ ಕೋವಿಯ ಅಂಗಡಿಗೆ ಹೋಗಿ, ಆರಿಸಿದ ತೋಟಾದ ಒಂದೇ ಕಂತಿನಲ್ಲಿ ತಯಾರಾದ ಪೆಟ್ಟಿಗೆಗಳನ್ನು ಋತುವಿಗೆ ಸಾಕಾಗುವಷ್ಟು ಕೊಂಡು, ಸಾಧ್ಯವಾದರೆ ಬೇಟೆಯಾಡುವ ಎತ್ತರದಲ್ಲಿಯೇ ಮತ್ತೊಮ್ಮೆ ಗುರಿ ಸರಿಮಾಡಿಕೊಳ್ಳಿ: ತೆಳುಗಾಳಿಯಲ್ಲಿ ಗುಂಡು ಬಯಲುಸೀಮೆಯಲ್ಲಿ ಇಳಿದಷ್ಟು ಇಳಿಯುವುದಿಲ್ಲ.